ಎಡದಿಂದ ಓದಿದ ವಿಮರ್ಶಕರು

ಅವರು ಯಾವ ಪುಸ್ತಕವನ್ನೂ ಕೂತು ಓದಿದವರಲ್ಲ. ಕಿಟಕಿಯ ಪಕ್ಕ ನಿಂತು, ಮೊಣಕೈ ಸವೆದ ಬೂದು ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಮನೆಗೆ ಬಂದ ಹಿರಿಯರ ಮಾತು ಕೇಳುವವರ ಹಾಗೆ ತಲೆ ಬಾಗಿಸಿ ಓದುತ್ತಿದ್ದರು. "ಬರೆದವನು ಬೆನ್ನು ಬಗ್ಗಿಸಿ ದುಡಿದಿರ್ತಾನೆ, ನಾನು ಕಾಲು ಚಾಚ್ಕೊಂಡು ತೀರ್ಪು ಕೊಡೋದಾ?" ಎಂದು ತಂಗಿಗೆ ಹೇಳುತ್ತಿದ್ದರಂತೆ. ಹತ್ತೊಂಬತ್ತು ವರ್ಷ ವಾರಪತ್ರಿಕೆಯೊಂದಕ್ಕೆ ಪುಸ್ತಕ ವಿಮರ್ಶೆಯ ಅಂಕಣ ಬರೆದರು. ಮದುವೆಯಾಗದ ಅಣ್ಣನ ಆ ಒಂದು ಪುಟವನ್ನು ತಂಗಿ "ನಮ್ಮತ್ತಿಗೆ" ಎಂದೇ ಕರೆಯುತ್ತಿದ್ದಳು.

ಅರವತ್ತು ದಾಟಿದ ಮೇಲೆ ಅವರ ಕೈಗೆ ಜಪಾನಿನ ಮಾಂಗಾ ಚಿತ್ರಕಥೆಯೊಂದು ಬಂತು: ಮುಟ್ಟಿದವರ ಮನಸ್ಸನ್ನೇ ತಿರುಗಿಸಿಬಿಡುವ ಹುಡುಗಿಯೊಬ್ಬಳ ವೈಜ್ಞಾನಿಕ ಕಥೆ, ಆರು ಸಂಪುಟ. ಅದನ್ನು ನಮ್ಮ ಪುಸ್ತಕದ ಕೊನೆ ಎನ್ನುವ ಕಡೆಯಿಂದ ಶುರುಮಾಡಿ, ಪುಟಗಳನ್ನು ಎಡದಿಂದ ಬಲಕ್ಕೆ ತಿರುವಬೇಕೆಂದು ಅವರಿಗೆ ಗೊತ್ತಿತ್ತು. ಪುಟದೊಳಗಿನ ಚಿತ್ರದ ಚೌಕಗಳನ್ನೂ ಬಲದಿಂದ ಎಡಕ್ಕೆ ಓದಬೇಕೆಂದು ಹೊಳೆಯಲಿಲ್ಲ. ಹೀಗಾಗಿ ಉತ್ತರ ಮೊದಲು ಸಿಕ್ಕಿತು, ಪ್ರಶ್ನೆ ಆಮೇಲೆ. ಬೇರೆಯವರಾಗಿದ್ದರೆ ಪುಸ್ತಕ ಬದಿಗಿಡುತ್ತಿದ್ದರು, ಅವರು ಬೆರಗಾದರು. ಮನಸ್ಸು ಮನಸ್ಸನ್ನು ಓದುವ ಲೋಕದಲ್ಲಿ ಕೇಳುವ ಮೊದಲೇ ಉತ್ತರ ಬರುವುದು ಎಂಥ ಕಲ್ಪನೆಯೆಂದು ಪುಟ ತುಂಬ ಹೊಗಳಿದರು. ಒಂದೇ ಆಕ್ಷೇಪ: ನಗುತ್ತಿದ್ದ ತಾಯಿಯನ್ನು ಮುಟ್ಟಿ ಅಳಿಸಿದ ಆ ಹುಡುಗಿ ಕಲ್ಲೆದೆಯವಳು.

ಪತ್ರಿಕೆ ಬಂದ ನಾಲ್ಕನೇ ದಿನ ಪುಸ್ತಕದಂಗಡಿಯಾಕೆ ಚಿತ್ರಕಥೆಯಲ್ಲಿ ತಾಯಿಯ ಆ ಪುಟ ತೆರೆದು, ಬಲಗಡೆಯ ಚೌಕದ ಮೇಲೆ ಬೆರಳಿಟ್ಟಳು.

"ಸರ್, ಇಲ್ಲಿಂದ ನೋಡಿ. ಅಮ್ಮ ಮೊದ್ಲು ಅಳ್ತಿದಾಳೆ. ಇವಳು ಮುಟ್ಟಿದ್ಮೇಲೆ ನಗೋದು."

ಅಂಗಡಿಯಲ್ಲೇ ನಿಂತು ಆರೂ ಸಂಪುಟಗಳನ್ನು ಮತ್ತೆ ಓದಿ, ಅವರು ನೇರ ಸಂಪಾದಕರ ಕೋಣೆಗೆ ಹೋದರು.

"ಓದುಗರು ಮೆಚ್ಚಿ ಕಾಗದ ಬರ್ದಿದಾರೆ ಸ್ವಾಮಿ, ಯಾರಿಗೂ ಗೊತ್ತಾಗಿಲ್ಲ," ಎಂದರು ಸಂಪಾದಕರು. "ತಪ್ಪಾಯ್ತು ಅಂತ ಅಚ್ಚು ಹಾಕಿದ್ರೆ ನಾಳೆಯಿಂದ ನಿಮ್ಮ ಮಾತು ಯಾರು ನಂಬ್ತಾರೆ? ಅಂಕಣ ಬೇರೆಯವರಿಗೆ ಕೊಡ್ಬೇಕಾಗುತ್ತೆ."

"ಏನಂದ್ರೆ," ಅವರ ಮಾತೆಲ್ಲ ಹೀಗೇ ಶುರುವಾಗುತ್ತಿತ್ತು, "ಏನಂದ್ರೆ, ಆ ಹುಡುಗಿಗೆ ಕಲ್ಲೆದೆ ಅಂದ್ಬಿಟ್ಟಿದೀನಲ್ಲ."

"ಅವಳು ಚಿತ್ರ ಕಣ್ರೀ."

"ಬರೆದವರು ಚಿತ್ರ ಅಲ್ವಲ್ಲ."

ಮುಂದಿನ ವಾರ ಅಚ್ಚಾದದ್ದೇ ಅವರ ಕೊನೆಯ ಅಂಕಣ. ಅದರಲ್ಲಿ ಹೊಗಳಿಕೆಯನ್ನೂ ಹಿಂದಕ್ಕೆ ಪಡೆದಿದ್ದರು: ಸರಿಯಾಗಿ ಓದಿದರೆ ಕಥೆ ಅಷ್ಟೇನೂ ವಿಶೇಷವಲ್ಲ, ಹುಡುಗಿ ಮಾತ್ರ ಬಲು ಕರುಣೆಯವಳು.

ಪರರ ಮನಸ್ಸನ್ನು ತಿರುಗಿಸುವ ಶಕ್ತಿ ನಮಗೆಲ್ಲ ಬೇಕು. ಗದರಿಕೆಯಿಂದಲೋ ಕಣ್ಣೀರಿನಿಂದಲೋ ಅದನ್ನು ಅಷ್ಟಿಷ್ಟು ಸಾಧಿಸಿಯೂ ಇರುತ್ತೇವೆ. ತನ್ನ ಮನಸ್ಸನ್ನು ತಾನೇ, ಹತ್ತು ಜನರೆದುರು, ಇದ್ದೊಂದು ಸುಖವನ್ನು ತೆತ್ತು ತಿರುಗಿಸಿಕೊಳ್ಳುವವರನ್ನು ಯಾರೂ ಶಕ್ತಿವಂತರೆಂದು ಕರೆಯುವುದಿಲ್ಲ. ಅಂಥವರನ್ನು ದೇವರು ಅಲ್ಲೊಬ್ಬರು ಇಲ್ಲೊಬ್ಬರು ಇಟ್ಟಿರುವುದರಿಂದಲೇ ಇರಬೇಕು, ಅಚ್ಚಾದ ಮಾತಿನ ಮೇಲೆ ನಮಗಿನ್ನೂ ನಂಬಿಕೆ ಉಳಿದಿದೆ.