ಓರೆ ಪೈಪಿನ ಪರೀಕ್ಷೆ

ನನ್ನ ಹೆಂಡತಿಯ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದ್ದು ನನ್ನಮ್ಮ. ನನ್ನದು ಬೀರುವಿನಲ್ಲಿ ಹಳೇ ಬಟ್ಟೆಗಳ ಕೆಳಗೆ ಬಿದ್ದಿದೆ. ಹೆತ್ತ ತಾಯಿಯೇ ಸೊಸೆಯ ಪಕ್ಷ ಸೇರಿದ ಮೇಲೆ ನಾನು ಯಾರ ಹತ್ತಿರ ದೂರು ಹೇಳಲಿ?

ಅವಳಿಗೆ ವೆಲ್ಡಿಂಗ್ ಕಲಿಸಿದವನೇ ನಾನು. ಮನೆಯ ಹಿಂದಿನ ಶೆಡ್ಡಿನಲ್ಲಿ ಗೇಟು, ಕಿಟಕಿ ಸರಳು ಮಾಡುತ್ತಿದ್ದ ಕಾಲದಲ್ಲಿ, ರಾಡು ಹಿಡಿಯುವುದರಿಂದ ಮೊದಲುಮಾಡಿ ಎಲ್ಲವನ್ನೂ ಹೇಳಿಕೊಟ್ಟೆ. ಆಮೇಲೆ ಇಬ್ಬರೂ ಒಂದೇ ಕಾರ್ಖಾನೆ ಸೇರಿದೆವು. ಅಲ್ಲಿ ಎಲ್ಲರೂ ನನ್ನನ್ನು ಮೇಷ್ಟ್ರು ಅನ್ನುತ್ತಿದ್ದರು. ಹೋದ ವರ್ಷ ವೆಲ್ಡಿಂಗ್ ಪರೀಕ್ಷೆ ನಡೆಸುವವರು ಬಂದು, ಯಾವ ಬೆಸುಗೆಯನ್ನು ಬೇಕಾದರೂ ಆರಿಸಿಕೊಳ್ಳಿ ಎಂದರು. ನಾನು ಮೇಜಿನ ಮೇಲೆ ಮಟ್ಟಸವಾಗಿ ಮಲಗಿದ ಪ್ಲೇಟು ಆರಿಸಿಕೊಂಡೆ. ಊಟದ ಹೊತ್ತಿಗೆ ಪಾಸು. ಇವಳು ಆರಿಸಿಕೊಂಡದ್ದು ಓರೆಯಾಗಿ ಬಿಗಿದ ಪೈಪು. ಅದನ್ನು ತಿರುಗಿಸುವ ಹಾಗಿಲ್ಲ. ವೆಲ್ಡರೇ ಅದರ ಸುತ್ತ ಬಗ್ಗಿ, ಮಲಗಿ, ಕತ್ತು ತಿರುಚಿ ಬೆಸೆಯಬೇಕು. ಅದರಲ್ಲಿ ಪಾಸಾದವರು ಎಂಥ ಬೆಸುಗೆ ಬೇಕಾದರೂ ಹಾಕಬಹುದು. ನನ್ನ ಸರ್ಟಿಫಿಕೇಟು ಮಲಗಿದ ಪ್ಲೇಟಿಗೆ ಮಾತ್ರ.

"ಹೋಗಿ ಹೋಗಿ ಅದಕ್ಕೇ ಯಾಕೆ ಕೈ ಹಾಕ್ತೀಯ? ಪರೀಕ್ಷೇಲಿ ಬಿದ್ರೆ ಎಲ್ಲರೂ ನಗ್ತಾರೆ," ಎಂದಿದ್ದೆ.

"ನಕ್ಕರೆ ನಗಲಿ ಬಿಡಿ. ಮತ್ತೆ ಕೂತ್ಕೋತೀನಿ."

ಎರಡು ಸಲ ಬಿದ್ದಳು. ಆಗ ನಾನು ಎಂಥ ಒಳ್ಳೆಯ ಗಂಡ ಅಂತೀರಿ! ಕಾಫಿ ಮಾಡಿಕೊಟ್ಟು ಸಮಾಧಾನ ಹೇಳಿದ್ದೆ. ಮೂರನೆಯ ಸಲ ಪಾಸಾದಳು. ಅವತ್ತಿನಿಂದ ನನ್ನ ಹೊಟ್ಟೆಯಲ್ಲಿ ಯಾರೋ ಮೆಣಸಿನಕಾಯಿ ಅರೆಯುತ್ತಿದ್ದಾರೆ.

ಈ ವಾರ ಬಾಯ್ಲರಿನ ಹಬೆ ಪೈಪುಗಳ ಕೆಲಸ ಬಂತು. ಓರೆ ಪೈಪಿನಲ್ಲಿ ಪಾಸಾದವರೇ ಬೆಸೆಯಬೇಕೆಂಬ ಷರತ್ತು. ನಮ್ಮಲ್ಲಿ ಅಂಥವಳು ಇವಳೊಬ್ಬಳೇ. ಫೋರ್‌ಮನ್ ನನ್ನನ್ನು ಅವಳ ಹೆಲ್ಪರ್ ಮಾಡಿದ.

"ಕಾಗದ ನೋಡಿ ಪೈಪು ಕೂಡ್ಕೊಳ್ಳುತ್ತಾ? ಕೈ ಬೇಕು, ಕೈ," ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೋಗಿ ಗ್ರೈಂಡರ್ ಹಿಡೀರಿ ಮೇಷ್ಟ್ರೇ," ಎಂದ. ಎಲ್ಲರೂ ನಕ್ಕರು. ಇವಳೊಬ್ಬಳು ನಗಲಿಲ್ಲ. ನನಗೆ ಅದೇ ಹೆಚ್ಚು ಉರಿಯಿತು.

ಬೆಸುಗೆಯ ಒಳಗಿನ ದೋಷ ತೋರಿಸುವ ಎಕ್ಸ್‌ರೇಯಲ್ಲಿ ಮೊದಲ ಜಾಯಿಂಟು ಬಿದ್ದರೆ ಅವಳನ್ನು ಈ ಕೆಲಸದಿಂದ ಇಳಿಸುತ್ತಾರೆ, ಸರ್ಟಿಫಿಕೇಟೂ ರದ್ದು. ಅವಳು ಪೈಪಿನ ಕೆಳಗೆ ಅಂಗಾತ ಮಲಗಿ ಮೊದಲ ಸುತ್ತು ಬೆಸೆದಳು. ತೋಳಿನ ಮೇಲೆ ಕಿಡಿ ಉದುರುತ್ತಿದ್ದರೂ ಕೈ ಅಲ್ಲಾಡಲಿಲ್ಲ. ಚೆನ್ನಾಗಿತ್ತು, ಹಾಗೆ ಅನ್ನಿಸಿದ್ದಕ್ಕೇ ನನಗೆ ಸಂಕಟವಾಯಿತು. ಅವಳು ನೀರು ಕುಡಿಯಲು ಹೋದಳು. ಬೆಸುಗೆಯನ್ನು ಉಜ್ಜಿ, ದೋಷವಿದ್ದರೆ ಹೇಳುವುದು ನನ್ನ ಕೆಲಸ.

ಉಜ್ಜಿದೆ. ಅಡಿಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು ಕಂಡಿತು. ಆಗಲೇ ಕೆತ್ತಿ ತುಂಬಿದರೆ ಮುಗಿಯಿತು. ಮೇಲೆ ಇನ್ನೊಂದು ಸುತ್ತು ಬಿದ್ದರೆ ಮಾತ್ರ ಅದು ಎಕ್ಸ್‌ರೇಗಲ್ಲದೆ ಯಾರ ಕಣ್ಣಿಗೂ ಕಾಣದು.

"ಹೇಗಿದೆ ರೀ?" ಎನ್ನುತ್ತಾ ಬಂದಳು.

"ಚೆನ್ನಾಗಿದೆ. ಮುಂದಿನ ಸುತ್ತು ಹಾಕು."

ಹಾಗೆ ಹೇಳುವಾಗ ನನಗೆ ಖುಷಿಯಾಯಿತು. ಇಲ್ಲ ಅಂತ ಸುಳ್ಳು ಯಾಕೆ ಹೇಳಲಿ? ಅಮ್ಮ ಗೋಡೆಯಿಂದ ಆ ಫ್ರೇಮು ಇಳಿಸುವುದು ಕಣ್ಣ ಮುಂದೆ ಬಂದಿತ್ತು.

ಅವಳು ಬಗ್ಗಿದವಳು ತಡೆದು ನಿಂತಳು. ಟಾರ್ಚು ತೆಗೆದು ಪೈಪಿನ ಸುತ್ತ ನಿಧಾನವಾಗಿ ಬೆಳಕು ಬಿಟ್ಟಳು. ಅಡಿಗೆ ಬಂದಾಗ ಬೆಳಕು ನಿಂತಿತು. ನನ್ನ ಕೈಯಿಂದ ಗ್ರೈಂಡರ್ ತೆಗೆದುಕೊಂಡು ಕೆತ್ತಿದಳು, ತುಂಬಿದಳು, ಉಳಿದ ಸುತ್ತುಗಳನ್ನೂ ಮುಗಿಸಿದಳು. ಎಕ್ಸ್‌ರೇಯಲ್ಲಿ ಒಂದು ಚುಕ್ಕಿಯೂ ಬರಲಿಲ್ಲ.

ಕೈ ತೊಳೆಯುವ ನಲ್ಲಿಯ ಹತ್ತಿರ ಮೆಲ್ಲಗೆ ಕೇಳಿದಳು: "ಆ ತೂತು ನಿಮಗೆ ಕಾಣಿಸಲಿಲ್ವಾ?"

ನನ್ನ ಇಕ್ಕಟ್ಟು ನೋಡಿ. ಕಾಣಿಸಲಿಲ್ಲ ಎಂದರೆ ಸಂಸಾರ ನೆಟ್ಟಗಿರುತ್ತದೆ. ಪಾಪ, ದಾರಿಯನ್ನೂ ಅವಳೇ ಮಾಡಿಕೊಟ್ಟಿದ್ದಳು. ಆದರೆ ಮೇಷ್ಟ್ರ ಕಣ್ಣಿಗೆ ತೂತು ಬೀಳಲಿಲ್ಲ ಅಂತ ಶಿಷ್ಯೆಯ ಎದುರು ಒಪ್ಪಿಕೊಳ್ಳುವುದೇ? ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಬಾರದು.

"ಕಾಣಿಸದೆ ಏನು? ನಿನಗಿಂತ ಮುಂಚೆ ನೋಡಿದ್ದೆ."

ಅವಳ ಕೈ ನೀರಿನಡಿ ಹಾಗೇ ನಿಂತಿತು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಬಹುದಿತ್ತು.

"ಗೊತ್ತು. ನಿಮ್ಮ ಕಣ್ಣು ತಪ್ಪೋದಿಲ್ಲ," ಎಂದಳು. "ಇಷ್ಟು ಗೊತ್ತಿದ್ದೋರು ಆ ಸುಲಭದ ಪ್ಲೇಟು ಯಾಕೆ ಆರಿಸ್ಕೊಂಡ್ರಿ?"

ಅವಳು ಎಲ್ಲರೆದುರು ಎರಡು ಸಲ ಬಿದ್ದು, ಮಾರನೆಯ ದಿನ ಏನೂ ಆಗದವಳ ಹಾಗೆ ಕೆಲಸಕ್ಕೆ ಬಂದಿದ್ದಳು. ಅವಳ ಪಾಸಿಗಿಂತ ನನಗೆ ಹೊಟ್ಟೆಕಿಚ್ಚು ಇದ್ದದ್ದು ಅದರ ಮೇಲೆ. ಹಾಗೆ ಬೀಳುವುದು ನನ್ನಿಂದ ಆಗುತ್ತಿರಲಿಲ್ಲ.

ಅವಳು ನಲ್ಲಿ ನಿಲ್ಲಿಸಿ, ಎಲ್ಲರ ಜೊತೆ ಕೈ ತೊಳೆಯಲು ಬರುತ್ತಿದ್ದ ಫೋರ್‌ಮನ್ ಕಡೆ ತಿರುಗಿದಳು. "ಸಾರ್, ನಾಳೆಯಿಂದ ನನಗೆ ಬೇರೆ ಹೆಲ್ಪರ್ ಕೊಡಿ. ಇವರು ಪರೀಕ್ಷೆಗೆ ಅಭ್ಯಾಸ ಮಾಡ್ಬೇಕು."

"ಯಾವ ಪರೀಕ್ಷೆ?" ಎಂದ ಅವನು.

ಅವಳು ಕೈ ಒರೆಸಿಕೊಳ್ಳುತ್ತಾ ನನ್ನ ಮುಖ ನೋಡುತ್ತಾ ನಿಂತಳು. ಕಾರ್ಖಾನೆಯವರೆಲ್ಲ ನನ್ನ ಕಡೆಗೇ ತಿರುಗಿದ್ದರು.

"ಓರೆ ಪೈಪು," ಎಂದೆ. ಯಾರೂ ನಗಲಿಲ್ಲ.