ಕ್ಷೌರದಂಗಡಿಯವರ ಮಗನ ಬಂಡಾಯ

ಮರ್ಲ್ ಹಾಗೆನ್‌ನ ಕವಿತೆಯಲ್ಲಿ ಅವನ ಅಪ್ಪ ಸಾಲಿಗೊಮ್ಮೆ ಸಾಯುತ್ತಿದ್ದರು. ಕವಿತೆಯ ಹೆಸರು ‘ಕೆಂಪು ಕುರ್ಚಿಯ ಸರ್ವಾಧಿಕಾರಿ’. ಮಿನೆಸೋಟದ ಸಣ್ಣ ಊರೊಂದರಲ್ಲಿ ಕ್ಷೌರದಂಗಡಿ ಇಟ್ಟಿದ್ದ ಅಪ್ಪ ಪ್ರತಿ ಶನಿವಾರ ಮಗನನ್ನು ಕೆಂಪು ತೊಗಲಿನ ಕುರ್ಚಿಗೆ ಹತ್ತಿಸಿ, ಕೊರಳಿಗೆ ಬಿಳಿ ಬಟ್ಟೆ ಬಿಗಿದು, ಮಿಷಿನ್ ಓಡಿಸಿ, ಯುದ್ಧ ಗೆದ್ದು ಬಂದ ದೇಶಕ್ಕೆಲ್ಲ ಒಂದೇ ತಲೆ ಮಾಡಿಬಿಟ್ಟರು ಎಂಬುದು ಅದರ ಸಾರ. ಜನರ ತಲೆ ಬೋಳಿಸುವವರು ಎಲ್ಲ ದೇಶದಲ್ಲೂ ಇದ್ದಾರೆ. ಕೆಲಸ ಮುಗಿದ ಮೇಲೆ ಹಿಂದಿನಿಂದ ಕನ್ನಡಿ ಹಿಡಿದು ‘ಸರಿ ಬಂತಾ?’ ಎಂದು ಕೇಳುವವರು ಮರ್ಲ್‌ನ ಅಪ್ಪನಂಥವರು ಮಾತ್ರ. ಆದರೆ ಆ ಕನ್ನಡಿಯ ವಿಷಯ ಕವಿತೆಯಲ್ಲಿ ಇರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಮೇಲೆ ಮರ್ಲ್ ಕತ್ತರಿಯನ್ನು ಹತ್ತಿರ ಸೇರಿಸಿರಲಿಲ್ಲ. ಗಡ್ಡ ಎದೆಗಿಳಿದಿತ್ತು. ಕಪ್ಪು ಸ್ವೆಟರು, ಕಾಲಿಗೆ ಹರಕು ಚಪ್ಪಲಿ. ಯಾರ ಹಾಗೂ ಇರಬಾರದೆಂದು ಆ ಊರಿನ ನಾರ್ತ್ ಬೀಚ್ ಬಡಾವಣೆಗೆ ಬಂದ ನಾವೆಲ್ಲ ಅಚ್ಚು ಹಾಕಿದಂತೆ ಒಬ್ಬರ ಹಾಗೆ ಒಬ್ಬರಿದ್ದೆವು. ನಾನು ಅವನ ಜೊತೆ ಒಂದೇ ಕೋಣೆಯಲ್ಲಿದ್ದವನು, ಹೆಸರು ಟಾರ್ಪಿ. ಕಾಲೇಜಿನಲ್ಲಿ ಧ್ವನಿಶಾಸ್ತ್ರ ಕಲಿತು ಅದನ್ನು ಊರಿನವರ ದನಿ ಅಣಕಿಸುವುದಕ್ಕೆ ಧಾರೆಯೆರೆದಿದ್ದೆ.

‘ಒಡಕು ಬಸಿ’ ಎಂಬ ಕೆಫೆಯಲ್ಲಿ ಭಾನುವಾರ ಮಧ್ಯಾಹ್ನ ನಮ್ಮ ಕವಿಗೋಷ್ಠಿ. ಕಿವಿಗೋಷ್ಠಿ ಎಂದರೂ ಸರಿ, ಕವಿಗಳೇ ಕೇಳುಗರು. ಅಲ್ಲಿ ಚಪ್ಪಾಳೆ ನಿಷಿದ್ಧ. ಯಜಮಾನಿ ಫಿಲೊಮೆನಾಳ ಗಂಡ ಬಟ್ಟಿಸ್ಟಾ ಬ್ರೆಡ್ಡು ಸುಡುವವನು. ರಾತ್ರಿಯಿಡೀ ಹಿಟ್ಟು ನಾದಿ, ಹಗಲು ಮಹಡಿಯ ಮೇಲೆ ಮಲಗುತ್ತಿದ್ದ. ಹಾಗಾಗಿ ಕವಿತೆ ಹಿಡಿಸಿದರೆ ಬೆರಳಿನಲ್ಲಿ ಚಿಟಿಕೆ ಹೊಡೆಯುತ್ತಿದ್ದೆವು. ನೋಡಲು ಬಂದ ಪತ್ರಿಕೆಯವರು ಇದು ಹೊಸ ತಲೆಮಾರಿನ ಹೊಸ ಸಂಸ್ಕೃತಿ ಎಂದು ಬರೆದರು. ಅಸಲಿಗೆ ಅದು ಬಟ್ಟಿಸ್ಟಾನ ನಿದ್ದೆ.

ಆ ಭಾನುವಾರ ಲಸ್ಕ್ ಬರುವವನಿದ್ದ. ನೆಲಮಾಳಿಗೆಯಲ್ಲಿ ಕೈಮಗ್ಗದಂಥ ಮುದ್ರಣಯಂತ್ರ ಇಟ್ಟುಕೊಂಡು ಕವಿತೆಯ ಪುಸ್ತಕ ತರುತ್ತಿದ್ದ ಪ್ರಕಾಶಕ. ಅವನಿಗೆ ಬೇಕಾಗಿದ್ದದ್ದು ಅಪ್ಪನ ಮೇಲೆ ಮರ್ಲ್ ಬರೆದ ಆ ಕವಿತೆ ಒಂದೇ. ಕೇಳಿ ಹಿಡಿಸಿದರೆ ಮರ್ಲ್‌ನ ಮೊದಲ ಪುಸ್ತಕ. ಹಿಗ್ಗಿ ಹೀರೇಕಾಯಿಯಾದ ಮರ್ಲ್ ವಾರದ ಮೊದಲೇ ಅಮ್ಮನಿಗೆ ಫೋನ್ ಮಾಡಿ ದಿನ, ಜಾಗ ಎಲ್ಲ ಹೇಳಿಕೊಂಡ. ಅಮ್ಮನ ಕಿವಿಗೆ ಬಿದ್ದದ್ದು ಅಪ್ಪನ ಅಂಗಡಿಯಲ್ಲಿ ಹೊರಗೆ ಬರುತ್ತದೆಂಬುದನ್ನು ಮರೆತಿದ್ದ.

ಭಾನುವಾರ ಗೋಷ್ಠಿಗೆ ಸ್ವಲ್ಪ ಮುಂಚೆ ಕೆಫೆಯ ಫೋನ್ ಬಡಿದುಕೊಂಡಿತು. ನಾನೇ ಎತ್ತಿದೆ.

“ಆರ್ವಿಲ್ ಹಾಗೆನ್ ಮಾತಾಡೋದು. ಮರ್ಲ್ ತಂದೆ. ಬಸ್ ಸ್ಟ್ಯಾಂಡಲ್ಲಿದೀನಿ. ನಿಮ್ಮಲ್ಲಿಗೆ ದಾರಿ ಹೆಂಗೆ?”

ಪಕ್ಕದಲ್ಲಿದ್ದ ಮರ್ಲ್‌ನ ಮುಖ ಸುಣ್ಣದಂತಾಯಿತು. “ಬೇಡ ಅನ್ನು. ಏನಾದ್ರೂ ಮಾಡೋ. ಅವರ ಮುಂದೆ ಅದನ್ನ ಹೆಂಗೋ ಓದ್ಲಿ? ಓದಿದ್ರೆ ಅಪ್ಪ ಹೋದ್ರು, ಓದದಿದ್ರೆ ಪುಸ್ತಕ ಹೋಯ್ತು.”

ನಾನು ಫಿಲೊಮೆನಾಳ ದನಿ ತೆಗೆದೆ. “ಅಯ್ಯೋ, ಇವತ್ತು ಕೆಫೆ ಬಂದ್ ಸ್ವಾಮಿ. ಒಲೇನೇ ಹಚ್ಚಿಲ್ಲ.”

“ಪರವಾಗಿಲ್ಲಮ್ಮ, ಹೊರಗೇ ಬೆಂಚಿದ್ರೆ ಕೂತಿರ್ತೀನಿ. ಅರ್ಧ ದೇಶ ಕೂತ್ಕೊಂಡೇ ಬಂದಿದೀನಿ.”

ಹಿಂದಿನಿಂದ ಯಾರೋ ನನ್ನ ಕಿವಿ ಹಿಡಿದರು. ಅಸಲಿ ಫಿಲೊಮೆನಾ. “ನನ್ನ ದನೀಲಿ ಸುಳ್ಳು ಹೇಳೋದಾದ್ರೆ ನಾನೇ ಹೇಳ್ಕೋತೀನಿ, ನಿನ್ನ ಬಾಡಿಗೆ ಬಾಯಿ ಬೇಡ” ಎಂದು ಫೋನ್ ಕಿತ್ತುಕೊಂಡು ದಾರಿ ಹೇಳಿಬಿಟ್ಟಳು.

ಅವರು ಬಂದರು. ಬೂದು ಕೋಟು, ನೀಟಾಗಿ ಬೈತಲೆ ತೆಗೆದ ತಲೆ. ಒಳಗೆ ಕಾಲಿಟ್ಟವರೇ ಅಷ್ಟು ಜನರ ಗಡ್ಡವನ್ನೂ ಒಂದು ಸುತ್ತು ನೋಡಿ, ಫಸಲು ನೋಡಿದ ಒಕ್ಕಲಿಗನಂತೆ ಉಸಿರುಬಿಟ್ಟರು. ಮಗನ ಗಡ್ಡದ ಮುಂದೆ ನಿಂತು ಕೇಳಿದರು:

“ಒಳಗಡೆ ಚೆನ್ನಾಗಿದೀಯಾ?”

“ಇದೀನಿ ಅಪ್ಪ.”

“ತೆಳ್ಳಗಾಗಿದೀಯೋ ಇಲ್ವೋ ಗೊತ್ತಾಗೋದೇ ಇಲ್ಲ” ಎಂದು ಮುಂದಿನ ಸಾಲಿನಲ್ಲೇ, ಲಸ್ಕ್‌ನ ಪಕ್ಕದಲ್ಲಿ ಕುಳಿತರು.

ಮರ್ಲ್ ಸ್ಟೂಲು ಹತ್ತಿದ. ಅವನೇ ಕತ್ತರಿ ಪ್ರಯೋಗಕ್ಕೆ ಇಳಿದದ್ದು ನನಗೆ ಮೊದಲ ಸಾಲಿನಲ್ಲೇ ತಿಳಿಯಿತು. ‘ಅಪ್ಪ’ ಎಂದಿದ್ದಲ್ಲೆಲ್ಲ ‘ಮೇಯರ್’ ಎಂದು ಓದತೊಡಗಿದ್ದ. ಮೇಯರ್ ಕೊರಳಿಗೆ ಬಟ್ಟೆ ಬಿಗಿದ. ಮೇಯರ್ ಮಿಷಿನ್ ಓಡಿಸಿದ. ಮೇಯರ್ ಕೆಂಪು ಕುರ್ಚಿಯನ್ನು ಕಾಲಿನಿಂದ ಒತ್ತಿ ಮೇಲೇರಿಸಿದ. ಲಸ್ಕ್ ಗಡಿಯಾರ ನೋಡಿಕೊಂಡ.

ಮುಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು.

“ಮರ್ಲ್, ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಜಾರಾಗ್ಬೇಡ. ನಮ್ಮ ಮೇಯರ್ ಹತ್ರ ಆ ಕುರ್ಚಿ ಎಲ್ಲಿತ್ತು? ಅದು ನಂದಲ್ವಾ?”

ಮರ್ಲ್ ಹಾಳೆ ಕೆಳಗಿಳಿಸಿದ.

“ನಿಂದೇ ಅಪ್ಪ.”

“ಮತ್ತೆ ಆ ಮನುಷ್ಯನ್ನ ಯಾಕೆ ಎಳೀತೀಯ, ಅವನಿಗೆ ತಲೇಲಿ ಕೂದ್ಲೇ ಇಲ್ಲ. ಬರ್ದಿರೋದನ್ನ ಬರ್ದಂಗೆ ಓದು. ನಾನೇನು ಕಿವಿ ಮುಚ್ಕೊಂಡು ಬಂದಿಲ್ಲ.”

ಮರ್ಲ್ ಅಪ್ಪನನ್ನು ನೋಡಿದ, ಲಸ್ಕ್‌ನನ್ನು ನೋಡಿದ. ಮತ್ತೆ ಮೊದಲಿನಿಂದ ಶುರುಮಾಡಿದ. ಈ ಸಲ ಅಪ್ಪ ಅಪ್ಪನೇ. ದನಿ ಮೊದಲು ಇಲಿಯಂತಿತ್ತು, ಆಮೇಲೆ ಎಲ್ಲಿಂದಲೋ ಗಂಟಲು ಬಂತು. ‘ನನ್ನ ತಲೆ ನಿನ್ನ ಅಂಗಡಿಯಲ್ಲ, ಅದಕ್ಕೆ ಬಾಗಿಲು ಹಾಕಿದ್ದೇನೆ, ಬಡಿಯಬೇಡ’ ಎಂಬ ಕೊನೆಯ ಸಾಲು ಹೇಳುವಾಗ ಅವನು ಹಾಳೆ ನೋಡಲೇ ಇಲ್ಲ, ಅಪ್ಪನ ಕಣ್ಣನ್ನೇ ನೋಡುತ್ತಿದ್ದ.

ಕೆಫೆ ತುಂಬ ಚಿಟಿಕೆ ಸಿಡಿಯಿತು.

ಆರ್ವಿಲ್ ಹಾಗೆನ್ ಧಡಕ್ಕನೆ ಎದ್ದು ನಿಂತರು. ಕವಿತೆಗೆ ಕೆಂಪಾಗದ ಮುಖ ಈಗ ಕೆಂಪಾಗಿತ್ತು.

“ಏನ್ರೀ ಇದು? ನಾಯಿ ಕರೀತಿದೀರಾ? ಹುಡುಗ ನಿಂತ್ಕೊಂಡು ಇಷ್ಟುದ್ದ ಮಾತು ಹೇಳಿದಾನೆ. ಹುಟ್ಟಿದಾಗಿಂದ ನನ್ನ ಹತ್ರ ಇಷ್ಟು ಮಾತಾಡಿರ್ಲಿಲ್ಲ. ನಮ್ಮೂರ ಜಾತ್ರೇಲಿ ಹಂದಿಗೆ ಬಹುಮಾನ ಬಂದ್ರೂ ಎರಡು ಕೈ ತಟ್ತಾರೆ, ನಿಮಗೆ ಎರಡು ಬೆರಳಾ?”

“ಅದು ಹಂಗಲ್ಲ—” ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಚಪ್ಪಾಳೆ ಶುರುವಾಗಿತ್ತು. ಜೀವಮಾನವೆಲ್ಲ ಮಿಷಿನ್ ಹಿಡಿದ ಅಗಲ ಅಂಗೈಗಳು. ಗಾಜಿನ ಲೋಟಗಳು ಝಣಗುಟ್ಟಿದವು. ಫಿಲೊಮೆನಾ ಶಿಲುಬೆಯ ಗುರುತು ಹಾಕಿಕೊಂಡಳು.

ಮಹಡಿ ಮೆಟ್ಟಿಲು ದಡದಡಿಸಿತು. ಬನಿಯನ್ನು, ಪಟಾಪಟಿ ಚಡ್ಡಿಯಲ್ಲಿ ಬಟ್ಟಿಸ್ಟಾ ಇಳಿದುಬಂದ.

“ಯಾರು ಸತ್ರು?”

“ಯಾರೂ ಇಲ್ಲ” ಎಂದಳು ಫಿಲೊಮೆನಾ. “ಆ ಹುಡುಗ ಅಪ್ಪನ್ನ ಬೈದ. ಅದಕ್ಕೆ ಈ ಅಪ್ಪ ಚಪ್ಪಾಳೆ ಹೊಡೀತಿದಾರೆ.”

ಬಟ್ಟಿಸ್ಟಾ ಇಬ್ಬರನ್ನೂ ನೋಡಿ ಕುರ್ಚಿ ಎಳೆದುಕೊಂಡ. “ಇದಕ್ಕೆ ಎಬ್ಬಿಸಿದ್ರೆ ಎಬ್ಬಿಸ್ಲಿ ಬಿಡು. ನನಗೂ ಕಾಫಿ ಕೊಡು.” ಎದ್ದವನು ಹೇಗೂ ಎದ್ದಾಗಿತ್ತು, ನಾವೂ ಮನಸಾರೆ ಚಪ್ಪಾಳೆ ತಟ್ಟಿದೆವು.

ಲಸ್ಕ್ ಮರ್ಲ್‌ನ ಕೈ ಕುಲುಕಿದ. “ಪುಸ್ತಕ ಮಾಡೋಣ. ಎರಡನೇ ಸಲ ಓದಿದೆಯಲ್ಲ, ಅದು. ಮೇಯರ್ ಬೇಡ.” ಆಮೇಲೆ ತಂದೆಯ ಕಡೆ ತಿರುಗಿ, “ನಿಮಗೇನೂ ಬೇಜಾರಿಲ್ವಾ ಸಾರ್?” ಎಂದ.

“ಬೇಜಾರು ಆಯ್ತಪ್ಪ, ಇಲ್ಲ ಅನ್ನಲ್ಲ. ಆ ಬಾಗಿಲಿನ ಸಾಲು ಚುಚ್ತು.” ಅವರು ಕಾಫಿ ಕಲಕಿದರು. “ಆದ್ರೆ ನಾನೂ ಮಾಡಿದ್ದೇ ಅಲ್ವಾ. ನಮ್ಮಪ್ಪ ಹಸು ಸಾಕಿದೋನು. ಹಾಲು ಕರಿ, ಚರ್ಚಿಗೆ ಹೋಗು, ಇಷ್ಟೇ. ಹತ್ತೊಂಬತ್ತನೇ ವಯಸ್ಸಿಗೆ ಬಕೆಟ್ ಒದ್ದು ಹೊರಟೆ. ತಲೆಗೆ ಘಮಘಮ ಎಣ್ಣೆ ಹಚ್ಕೊಂಡು ಅವರ ಮುಂದೆನೇ ಅಂಗಡಿ ಇಟ್ಟೆ. ಎರಡು ಕ್ರಿಸ್‌ಮಸ್ ಮಾತಿಲ್ಲ ಕತೆ ಇಲ್ಲ.”

ಮರ್ಲ್ ಸ್ಟೂಲಿನಿಂದ ಇಳಿದಿದ್ದ. “ಇದನ್ನ ನೀನು ಹೇಳೇ ಇಲ್ಲ.”

“ಕೂದಲು ಕತ್ತರಿಸೋವಾಗ ನೀನು ಅಳ್ತಿದ್ದೆ.”

“ತಾತ?”

“ಅವನು ನಾರ್ವೇಲಿ ಪಾದ್ರಿ ಮಗ. ಪ್ರಾರ್ಥನೆ ಸಾಕಾಗಿ ಹಡಗು ಹತ್ತಿದ.”

ಮರ್ಲ್ ಕುಸಿದು ಕುಳಿತ. ಇಡೀ ಅಮೆರಿಕದಲ್ಲಿ ಮೊದಲ ಸಲ ಮನೆ ಬಿಟ್ಟವನು ತಾನೇ ಎಂದುಕೊಂಡಿದ್ದವನ ಮುಖ ನೋಡುವಂತಿತ್ತು. “ಅಂದ್ರೆ ಬಂಡಾಯ ನಮ್ಮ ಮನೆತನದ ಕಸುಬಾ?”

“ಕಸುಬು ಅನ್ಬೇಡ. ಕಸುಬಾಗಿದ್ರೆ ಒಬ್ಬನಾದ್ರೂ ಬಿಟ್ಟು ಓಡಿಹೋಗ್ತಿದ್ದ.”

ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಬಟ್ಟಿಸ್ಟಾ. ಮರ್ಲ್ ನಗಲಿಲ್ಲ. ಹಾಳೆ ಮಗುಚಿದ, ಖಾಲಿ ಬದಿ ಮೇಲೆ ಮಾಡಿದ, ಲಸ್ಕ್‌ನ ಜೇಬಿನಿಂದ ಪೆನ್ಸಿಲ್ ಕಿತ್ತುಕೊಂಡ.

“ಅಪ್ಪ, ಆ ಹಸುಗಳ ಹೆಸರೇನು?”

“ಯಾವ ಹಸು?”

“ಬಿಟ್ಟು ಬಂದ್ಯಲ್ಲ, ಅವು.”

ಆರ್ವಿಲ್ ಹಾಗೆನ್ ಬಟ್ಟಲು ಕೆಳಗಿಟ್ಟರು, ಕೋಟಿನ ಗುಂಡಿ ಬಿಚ್ಚಿದರು, ಕುರ್ಚಿಯನ್ನು ಮಗನ ಹತ್ತಿರಕ್ಕೆ ಎಳೆದುಕೊಂಡರು.

“ಮೊದಲನೇದು ಡಾಗ್ರೋಸ್. ಒದೀತಿತ್ತು. ಬರ್ಕೋ.”