ಬಾಗಿಲುವಾಡದ ಓರೆ ಕುಳಿ

ದೊರೊಹೋಯ್ ಊರಿನ ನಮ್ಮ ಯೆಹೂದಿ ಪ್ರಾರ್ಥನಾಮಂದಿರದ, ಅಂದರೆ ಸಿನಗಾಗಿನ, ಬಾಗಿಲು ತೆರೆಯುವ ಮುಂಚೆ ನಾನು ಮೂರು ಸಲ ತಟ್ಟುತ್ತೇನೆ. ಅಪ್ಪನೂ ಹಾಗೇ ತಟ್ಟುತ್ತಿದ್ದ. ಅಂದು ನನ್ನ ಹಿಂದೆ ಐದನೇ ತರಗತಿಯ ಮಕ್ಕಳು ನಿಂತಿದ್ದರು. ಯೆಹೂದಿ ಧರ್ಮ ಅವರಿಗೆ ಆ ತಿಂಗಳ ಪಾಠ. ಊರಲ್ಲಿ ಉಳಿದ ಯೆಹೂದಿಗಳಲ್ಲಿ ಮೆಟ್ಟಿಲು ಹತ್ತಬಲ್ಲವಳು ನಾನೊಬ್ಬಳೇ.

"ಬೀಗದ ಕೈ ನಿಮ್ಮ ಹತ್ರಾನೇ ಇದೆ. ಒಳಗೆ ಯಾರಿದಾರೆ ಅಂತ ತಟ್ತೀರಾ ಅಜ್ಜಿ?" ಎಂದ ಒಬ್ಬ ಹುಡುಗ.

"ಸತ್ತವರು ರಾತ್ರಿ ಪ್ರಾರ್ಥನೆಗೆ ಬಂದಿರ್ತಾರೆ. ಎದ್ದು ಹೋಗೋಕೆ ಸ್ವಲ್ಪ ಹೊತ್ತು ಬೇಡ್ವಾ?"

"ನಮ್ಮ ಟೀಚರೂ ಹೀಗೆ ತಟ್ಟಿ ಬಂದಿದ್ರೆ ಕಾಪಿ ಚೀಟಿ ಬಚ್ಚಿಡಬಹುದಿತ್ತು!"

"ಬಾಯಿ ಮುಚ್ಚಿ ಟೋಪಿ ಹಾಕ್ಕೊಳೋ," ಎಂದರು ಟೀಚರ್. ಎಲ್ಲರೂ ನಕ್ಕರು, ಇಲಿಂಕಾ ಎಂಬ ಹುಡುಗಿಯೊಬ್ಬಳನ್ನು ಬಿಟ್ಟು. ಅವಳು ಬಲಗಡೆಯ ಬಾಗಿಲುವಾಡಕ್ಕೆ ಓರೆಯಾಗಿ ಬಡಿದಿದ್ದ ಮೆಜುಜಾ ಎಂಬ ಪುಟ್ಟ ಉದ್ದನೆಯ ಡಬ್ಬಿಯನ್ನು ಮುಟ್ಟುತ್ತಿದ್ದಳು. ಅದರೊಳಗೆ ಶಾಸ್ತ್ರವಾಕ್ಯದ ಸುರುಳಿ ಇದೆ, ಪ್ರತಿ ಯೆಹೂದಿ ಮನೆಯ ಬಾಗಿಲಲ್ಲೂ ಇರುತ್ತದೆ ಎಂದೆ.

ಉಳಿದವರು ಧರ್ಮಗ್ರಂಥ ತೋರಾ ನೋಡಲು ನುಗ್ಗಿದಾಗ ಅವಳು ನನ್ನ ಬಳಿ ಬಂದಳು.

"ನಮ್ಮನೆ ಬಾಗಿಲಲ್ಲೂ ಇಷ್ಟೇ ಉದ್ದದ ಕುಳಿ ಇದೆ, ಓರೆಯಾಗಿ. ಎಷ್ಟು ಬಣ್ಣ ಹೊಡೆದ್ರೂ ಕಾಣತ್ತೆ."

"ನಿಮ್ಮನೆ ಎಲ್ಲಿ ಪುಟ್ಟಿ?"

"ಹಳೇ ಗಿರಣಿ ಪಕ್ಕ. ಹಸಿರು ಗೇಟು."

ಅದು ಅಮ್ಮನ ಅಕ್ಕ ರಿಫ್ಕಾಳ ಮನೆ. ೧೯೪೧ರಲ್ಲಿ ಊರಿನ ಯೆಹೂದಿಗಳ ಜೊತೆ ಅವಳನ್ನೂ ಸೈನಿಕರು ರೈಲಿಗೆ ತುಂಬಿ ನಿಸ್ತ್ರು ನದಿಯಾಚೆ ಅಟ್ಟಿದರು. ಮರಳಲಿಲ್ಲ. ಆ ಬೀದಿಯಲ್ಲಿ ನಾನು ಯಾವಾಗಲೂ ಎದುರಿನ ಪಾದಚಾರಿ ದಾರಿಯಲ್ಲೇ ನಡೆಯುತ್ತೇನೆ.

"ಅಜ್ಜಿ, ನಿಜ ಹೇಳಿ. ಆ ಸತ್ತವರು ನಮ್ಮನೆಗೂ ಬರ್ತಾರಾ? ನಾನು ಕಿಟಕಿ ತೆಗೆದಿಟ್ಟು ಮಲಗ್ತೀನಿ. ಬೆಳಿಗ್ಗೆ ಮುಚ್ಚಿರತ್ತೆ. ಗಾಳಿ ಅಂತಾಳೆ ಅಮ್ಮ. ನಂಗೆ ನಿದ್ದೇನೇ ಬರಲ್ಲ."

ಈ ಮಗು ಇವತ್ತು ನಿದ್ದೆ ಮಾಡಬೇಕು. ನನಗೆ ಹೊಳೆದದ್ದು ಅಷ್ಟೇ.

"ಯಾರೂ ಬರಲ್ಲ. ಆ ಮನೇಲಿ ಯಾರೂ ಇಲ್ಲ."

ಹೇಳಿದ ಕೂಡಲೇ ಮೇಲೆ, ಹೆಂಗಸರು ಕೂರುವ ಅಂತಸ್ತಿನಲ್ಲಿ, ಯಾರೋ ಮಾತು ನಿಲ್ಲಿಸಿದಂತಾಯಿತು. ರಿಫ್ಕಾ ದೊಡ್ಡಮ್ಮನಿಗೆ ಥಂಡಿಗಾಳಿ ಎಂದರೆ ಭಯವಂತೆ. ಯಾರ ಮನೆಗೆ ಹೋದರೂ ಮಲಗಿದ ಮಕ್ಕಳ ಕಿಟಕಿ ಮುಚ್ಚಿ ಬರುತ್ತಿದ್ದಳಂತೆ.

ಮಕ್ಕಳ ಸಾಲು ಹೊರಟಿತು. ಕೊನೆಯಲ್ಲಿದ್ದ ಇಲಿಂಕಾ ಒಮ್ಮೆ ಹಿಂತಿರುಗಿ ನೋಡಿದಳು. ನನ್ನನ್ನು ನಂಬಿರಲಿಲ್ಲ.

"ನಿಲ್ಲು ಪುಟ್ಟಿ!" ಮೆಟ್ಟಿಲಿಳಿದು ಅವಳ ಕೈ ಹಿಡಿದೆ. "ಸುಳ್ಳು ಹೇಳಿಬಿಟ್ಟೆ. ಅಲ್ಲಿ ಬರೋಳು ಹಿಂದೆ ಆ ಮನೇಲಿದ್ದ ನನ್ನ ದೊಡ್ಡಮ್ಮ. ರಿಫ್ಕಾ ಅಂತ. ನಿನಗೆ ಶೀತ ಆಗದಿರಲಿ ಅಂತ ಮುಚ್ತಾಳೆ, ಅಷ್ಟೇ."

ಬಿಗಿಹಿಡಿದಿದ್ದ ಅವಳ ಬೆರಳುಗಳು ಸಡಿಲವಾದವು. "ರಿಫ್ಕಾ," ಎಂದು ಮೆಲ್ಲಗೆ ಹೇಳಿ ನೋಡಿದಳು. "ಕರೆದ್ರೆ ಓ ಅಂತಾರಾ?"

"ಗೊತ್ತಿಲ್ಲ ಮಗಾ. ಎಂಬತ್ತು ವರ್ಷದಿಂದ ಆ ಮನೇಲಿ ಅವಳನ್ನ ಯಾರೂ ಕರೆದಿಲ್ಲ."